ತಾತನ ಸೈನ್ ಎಲ್ಲಿಂದ ತರ್ಲಿ? ಬೆಲ್ಲದ ಪುಡಿ ಬಿಸಿನೆಸ್ ಶುರು ಮಾಡಿದ ಕಥೆ

ನಮ್ಮ ತಾತ ತೀರ್ಕೊಂಡಿದ್ದು 2009ರಲ್ಲಿ. ನಾನು ಬೆಲ್ಲದ ಪುಡಿ ಪ್ಯಾಕ್ ಮಾಡಿ ಮಾರೋಣ ಅಂತ ಹೊರಟಿದ್ದು 2022ರಲ್ಲಿ. ಆದ್ರೂ ಆ ನಾಲ್ಕು ತಿಂಗಳು ನಾನು ಹೋದ ಕಡೆಯೆಲ್ಲಾ ಎಲ್ಲರೂ ಕೇಳಿದ್ದು ತಾತನ್ನೇ. ಜಾಗ ಯಾರ ಹೆಸರಲ್ಲಿದೆ? ತಾತನ ಹೆಸರಲ್ಲಿ ಸಾರ್. ಹಂಗಾದ್ರೆ ಅವರ ಒಪ್ಪಿಗೆ ಪತ್ರ ತಗೊಂಡ್ ಬನ್ನಿ. ತೀರ್ಕೊಂಡಿದ್ದಾರೆ ಸಾರ್. ಓಹೋ, ಖಾತೆ ಬದಲಾಯಿಸಿಲ್ವಾ? ಇಲ್ಲಿಗೆ ಬಂದು ನಿಲ್ಲೋದು ಮಾತು.

ನಾನು ಮೈಸೂರಲ್ಲಿ ಒಬ್ಬ ಡಿಸ್ಟ್ರಿಬ್ಯೂಟರ್ ಹತ್ರ ಹತ್ತು ವರ್ಷ ಬಿಲ್ಲಿಂಗ್ ಮಾಡ್ಕೊಂಡಿದ್ದೋನು, ದಿನಾ ಮಂಡ್ಯದಿಂದ ಟ್ರೈನಲ್ಲಿ ಹೋಗಿ ಬರ್ತಿದ್ದೆ. ಜಿಎಸ್‌ಟಿ, ಎಚ್‌ಎಸ್‌ಎನ್ ಕೋಡು, ಇ-ವೇ ಬಿಲ್ಲು ಇವೆಲ್ಲಾ ನಂಗೆ ಬಾಯಿಪಾಠ, ಅದಕ್ಕೇ ಒಂಥರಾ ಗತ್ತು ಇತ್ತು, ನಂಗೊತ್ತಿಲ್ದೇ ಇರೋದೇನಿದೆ ಇದ್ರಲ್ಲಿ ಅಂತ. ಇನ್ನೊಬ್ಬರ ಬಿಸಿನೆಸ್‌ಗೆ ಬಿಲ್ ಹಾಕೋದಕ್ಕೂ ನಮ್ಮದೇ ಒಂದು ಬಿಸಿನೆಸ್‌ಗೆ ಪೇಪರ್ ಮಾಡಿಸೋದಕ್ಕೂ ಎಷ್ಟು ವ್ಯತ್ಯಾಸ ಅಂತ ಮೊದಲನೇ ವಾರದಲ್ಲೇ ಗೊತ್ತಾಯ್ತು ಬಿಡಿ.

ಐಡಿಯಾ ಸಿಂಪಲ್. ನಮ್ಮ ಕಡೆ ಆಲೆಮನೆಗಳಿಗೇನು ಬರ ಇಲ್ಲ. ಬೆಲ್ಲ ಅಚ್ಚಲ್ಲಿ, ಬಕೆಟಲ್ಲಿ ಮಾರ್ಕೆಟ್‌ಗೆ ಹೋಗುತ್ತೆ, ರೇಟು ಅವತ್ತವತ್ತಿಗೆ ಏನೋ ಅದು. ಅದನ್ನೇ ಪುಡಿ ಮಾಡಿ, ಜರಡಿ ಹಿಡಿದು, ಒಣಗಿಸಿ, ಅರ್ಧ ಕೆಜಿ ಕವರಲ್ಲಿ ಹಾಕಿದ್ರೆ ಬೆಂಗಳೂರು, ಹೊಸೂರು ಕಡೆ ಇರೋ ನಮ್ಮೂರಿನವರೇ ತಗೋತಾರೆ ಅಂತ ಲೆಕ್ಕ. ಊರಲ್ಲಿ ತಾತ ಕಟ್ಟಿಸಿದ ಒಂದು ಹಳೇ ಗೋಡೌನ್ ಇದೆ, ಮೊದ್ಲು ಭತ್ತ ಹಾಕ್ತಿದ್ರು, ಈಗ ಅದ್ರಲ್ಲಿ ಒಂದು ಮುರಿದ ಎತ್ತಿನ ಗಾಡಿ, ತೆಂಗಿನ ಗರಿ, ಯಾರದ್ದೋ ಮದುವೆಗೆ ತಂದ ಚೇರು. ಅದನ್ನ ಕ್ಲೀನ್ ಮಾಡಿ ಶುರು ಮಾಡಿದ್ರಾಯ್ತು, ಬಾಡಿಗೆನೂ ಇಲ್ಲ ಅಂತ ಖುಷಿಯಾಗಿದ್ದೆ.

ಮೊದಲನೇ ಮಂಕು ಬೂದಿ ಉದ್ಯಮ್ ರಿಜಿಸ್ಟ್ರೇಷನ್‌ನಲ್ಲೇ ಎರಚಿಸ್ಕೊಂಡೆ, ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ನೋಂದಾಯಿಸೋದು ಅದು. ರಾತ್ರಿ ಹನ್ನೊಂದು ಗಂಟೆಗೆ ಮೊಬೈಲಲ್ಲಿ ಹುಡುಕಿದ್ರೆ ಅಶೋಕ ಸ್ತಂಭದ ಥರದ್ದೇ ಚಿತ್ರ ಹಾಕ್ಕೊಂಡಿರೋ ಒಂದು ಸೈಟ್ ಬಂತು, ಆಧಾರ್ ಕೇಳ್ತು, ಪ್ಯಾನ್ ಕೇಳ್ತು, ಕೊನೇಲಿ 1,499 ರೂಪಾಯಿ ಕೇಳ್ತು, ಸರ್ಕಾರದ ಫೀಸೇ ಇರ್ಬೇಕು ಅಂತ ಕಟ್ಬಿಟ್ಟೆ. ಬೆಳಿಗ್ಗೆ ಫ್ರೆಂಡ್ ಹೇಳ್ದ, ಉದ್ಯಮ್ 2020ರ ಜುಲೈನಿಂದ ಪೂರ್ತಿ ಫ್ರೀ ಕಣೋ, ಅಡ್ರೆಸ್ ಕೊನೇಲಿ ಜಿಒವಿ ಡಾಟ್ ಇನ್ ಅಂತ ಇಲ್ದಿದ್ರೆ ಮುಟ್ಬೇಡ ಅಂತ. ಸರ್ಟಿಫಿಕೇಟ್ ಏನೋ ಬಂತು, ಆದ್ರೆ ಹತ್ತು ನಿಮಿಷದಲ್ಲಿ ನಾನೇ ಬಿಟ್ಟಿ ಮಾಡ್ಕೋಬಹುದಾಗಿದ್ದ ಕೆಲಸ. ಇದನ್ನ ಹೆಂಡ್ತಿಗೆ ಹೇಳಿದ್ದು ಒಂದು ವರ್ಷ ಆದ್ಮೇಲೆ.

ಆಮೇಲೆ ಎಫ್‌ಎಸ್‌ಎಸ್‌ಎಐ, ಅಂದ್ರೆ ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಕೊಡೋ ನಂಬರು. ತಿನ್ನೋ ಪದಾರ್ಥ ಮಾರೋರೆಲ್ಲರಿಗೂ ಬೇಕು, ಮನೇಲಿ ಉಪ್ಪಿನಕಾಯಿ ಹಾಕಿ ಮಾರಿದ್ರೂ ಬೇಕು. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದ ಒಳಗಿನ ವ್ಯಾಪಾರಕ್ಕೆ ಬೇಸಿಕ್ ರಿಜಿಸ್ಟ್ರೇಷನ್ ಸಾಕಿತ್ತು, ವರ್ಷಕ್ಕೆ 100 ರೂಪಾಯಿ ಫೀಸು, ಅದರ ಮೇಲಾದ್ರೆ ಸ್ಟೇಟ್ ಲೈಸೆನ್ಸು. ಆನ್‌ಲೈನಲ್ಲಿ ನಾನೇ ಹಾಕಿದೆ, ಆಧಾರ್‌ನಲ್ಲಿ ಇರೋ ಮಂಡ್ಯದ ಮನೆ ಅಡ್ರೆಸ್ಸೇ ಕೊಟ್ಟೆ, ನಂಬರ್ ಬಂತು, ಊಟಕ್ಕೆ ಹೋಳಿಗೆ. ಆದ್ರೆ ಆ ನಂಬರ್ ಕೊಡೋದು ಮನುಷ್ಯನಿಗಲ್ಲ, ಜಾಗಕ್ಕೆ. ಪುಡಿ ಮಾಡೋದು ಊರಿನ ಗೋಡೌನಲ್ಲಿ, ನಂಬರ್ ಇರೋದು ಮಂಡ್ಯದ ಮನೆ ಮೇಲೆ, ಹಿಂಗೆ ನಡಿಯಲ್ಲ. ಗೋಡೌನ್ ಅಡ್ರೆಸ್‌ಗೆ ಮತ್ತೆ ಮೊದಲಿಂದ ಅರ್ಜಿ ಹಾಕ್ಬೇಕಾಯ್ತು. ಹೋಗಿದ್ದು ನೂರಿನ್ನೂರು ರೂಪಾಯಿ ಅಷ್ಟೇ, ಆದ್ರೆ ಅಷ್ಟರಲ್ಲಿ ಆ ಹಳೇ ನಂಬರ್ ಹಾಕಿಸಿ 5,000 ಕವರ್ ಪ್ರಿಂಟಿಗೆ ಕೊಟ್ಬಿಟ್ಟಿದ್ದೆ.

ಕವರ್ ಕಥೆ ಹೇಳ್ತೀನಿ ಇರಿ, ಅದು ಬರೀ ಆ ಹಳೇ ನಂಬರಿಂದ ಹಾಳಾಗಿದ್ದಲ್ಲ. ಡಿಸೈನ್ ಮಾಡೋ ಹುಡುಗ, ಅಣ್ಣ ಆರ್ಗ್ಯಾನಿಕ್ ಅಂತ ಹಾಕಿದ್ರೆ ಚೆನ್ನಾಗಿ ಹೋಗುತ್ತೆ ಅಂದ, ಹಾಕು ಅಂದೆ. ನಮ್ಮದು ಕೆಮಿಕಲ್ ಹಾಕದ ಬೆಲ್ಲ ತಾನೇ ಅಂತ ನನ್ನ ಲಾಜಿಕ್ಕು. ಆರ್ಗ್ಯಾನಿಕ್ ಅಂತ ಕವರ್ ಮೇಲೆ ಬರೀಬೇಕಾದ್ರೆ ಕಬ್ಬು ಬೆಳೆದ ಜಮೀನಿಂದ ಹಿಡಿದು ಸರ್ಟಿಫಿಕೇಷನ್ ಇರ್ಬೇಕು, ಎನ್‌ಪಿಒಪಿ ಇಲ್ಲಾ ಪಿಜಿಎಸ್ ಅನ್ನೋ ಸರ್ಕಾರ ಒಪ್ಪಿರೋ ಎರಡು ಪದ್ಧತೀಲಿ ಒಂದು, ಅದಕ್ಕೆ ಅಂತಲೇ 2017ರ ರೆಗ್ಯುಲೇಷನ್ ಇದೆ. ಇಲ್ದೇ ಬರೆದ್ರೆ ಅದು ಮಿಸ್‌ಬ್ರ್ಯಾಂಡಿಂಗು, ಅಂದ್ರೆ ಸುಳ್ಳು ಲೇಬಲ್ಲು, ಕಾಯ್ದೆ ಪ್ರಕಾರ ದಂಡ 3 ಲಕ್ಷದವರೆಗೂ ಹೋಗಬಹುದು. ಇದರ ಜೊತೆಗೆ ಎಂಆರ್‌ಪಿ ಪಕ್ಕ ಎಲ್ಲಾ ತೆರಿಗೆ ಸೇರಿ ಅಂತ ಬರೆಸಿರಲಿಲ್ಲ, ಪ್ಯಾಕ್ ಮಾಡಿದ ತಿಂಗಳು ವರ್ಷ ಹಾಕೋಕೆ ಜಾಗನೇ ಬಿಟ್ಟಿರಲಿಲ್ಲ, ಹಸಿರು ಚುಕ್ಕೆ ಇರಲಿಲ್ಲ, ಕಂಪ್ಲೇಂಟ್‌ಗೆ ಫೋನ್ ನಂಬರ್ ಇತ್ತು ಇಮೇಲ್ ಇರಲಿಲ್ಲ. ಒಟ್ನಲ್ಲಿ 5,000 ಕವರೂ ವೇಸ್ಟ್. ಇವತ್ತಿಗೂ ನಮ್ಮನೆ ಅಡುಗೆಮನೇಲಿ ಹುರಳಿಕಾಳು, ಅವರೆಬೇಳೆ, ಒಣಮೆಣಸಿನಕಾಯಿ ಎಲ್ಲಾ ಇರೋದು ಆರ್ಗ್ಯಾನಿಕ್ ಬೆಲ್ಲದ ಪುಡಿ ಅಂತ ಬರೆದಿರೋ ಕವರಲ್ಲೇ, ನೆಂಟರಿಗೆ ಕಡ್ಲೆಕಾಯಿ ಕೊಟ್ಟು ಕಳಿಸೋದೂ ಅದ್ರಲ್ಲೇ.

ಪ್ಯಾಕ್ ಮಾಡಿ ಮಾರೋರು ಗಮನಿಸಬೇಕಾದ ಇನ್ನೊಂದು ಇಲಾಖೆ ಇದೆ, ಬೋರ್ಡಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆ ಅಂತ ಇರುತ್ತೆ, ಜನ ಅನ್ನೋದು ತೂಕ ಅಳತೆ ಆಫೀಸು ಅಂತ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ರೂಲ್ಸ್ ಪ್ರಕಾರ ಪ್ಯಾಕ್ ಮಾಡೋಕೆ ಶುರು ಮಾಡಿದ 90 ದಿನದೊಳಗೆ ಪ್ಯಾಕರ್ ಅಂತ ರಿಜಿಸ್ಟರ್ ಆಗ್ಬೇಕು, ಫೀಸು 500. ತಕ್ಕಡಿಗೆ ವರ್ಷಕ್ಕೊಂದ್ಸಲ ಸೀಲು ಹಾಕಿಸ್ಬೇಕು. ನಾನು ಆನ್‌ಲೈನಲ್ಲಿ ಕಮ್ಮಿ ರೇಟಿಗೆ ತರಿಸಿದ್ದ ಡಿಜಿಟಲ್ ತಕ್ಕಡಿಗೆ ಸರ್ಕಾರದ ಮಾಡೆಲ್ ಅಪ್ರೂವಲ್ಲೇ ಇರಲಿಲ್ಲ, ಹಂಗಾಗಿ ಸೀಲೂ ಬೀಳಲಿಲ್ಲ, ಮಂಡ್ಯದಲ್ಲೇ ತಕ್ಕಡಿ ಅಂಗಡೀಲಿ ಬೇರೆ ತಗೊಂಡೆ, ಸೀಲ್ ಕೆಲಸನೂ ಅವರೇ ಮುಂದೆ ನಿಂತು ಮಾಡಿಸ್ಕೊಟ್ರು.

ಇಷ್ಟರಲ್ಲಿ ಜುಲೈ ಬಂತು. ಬೆಲ್ಲಕ್ಕೆ ಅಲ್ಲಿವರೆಗೂ ಜಿಎಸ್‌ಟಿ ಇರಲಿಲ್ಲ, ಅದೇ ಧೈರ್ಯದಲ್ಲಿ ನಾನು ಜಿಎಸ್‌ಟಿ ತಂಟೆಗೇ ಹೋಗಿರಲಿಲ್ಲ. ಸರಿಯಾಗಿ 2022ರ ಜುಲೈ 18ನೇ ತಾರೀಖಿಂದ, 25 ಕೆಜಿ ಒಳಗೆ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಹಿಟ್ಟು, ಮೊಸರು, ಬೆಲ್ಲ ಎಲ್ಲಕ್ಕೂ 5% ಅಂತ ಆಯ್ತು. ಬಿಡಿ ಬೆಲ್ಲಕ್ಕೆ ಇಲ್ಲ, ಅದನ್ನೇ ಕವರಿಗೆ ಹಾಕಿ ಹೆಸರು ಬರೆದ್ರೆ ಇದೆ. ಮಿಷನ್ನಿಗೆ ಅಡ್ವಾನ್ಸ್ ಕೊಟ್ಟು ಇನ್ನೂ ಹದಿನೈದು ದಿನ ಆಗಿರಲಿಲ್ಲ ನೋಡಿ, ಅದೂ ಹೆಂಡ್ತಿ ಸರ ಅಡ ಇಟ್ಟ ದುಡ್ಡಲ್ಲಿ.

ಆಗ ಹೋಗಿದ್ದು ಆಡಿಟರ್ ಹತ್ರ. ಅವರು ಒಂದು ಹಾಳೆ ಮೇಲೆ ಬರೆದು ತೋರಿಸಿದ್ರು, ಇದನ್ನ ಯಾರಾದ್ರೂ ಮೊದ್ಲೇ ಹೇಳಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ಕರ್ನಾಟಕದೊಳಗೇ ಸರಕು ಮಾರೋದಾದ್ರೆ ವರ್ಷಕ್ಕೆ 40 ಲಕ್ಷದವರೆಗೂ ಜಿಎಸ್‌ಟಿ ನಂಬರ್ ಬೇಡ. ಸರ್ವಿಸ್ ಆದ್ರೆ 20 ಲಕ್ಷ. ಆದ್ರೆ ಹೊಸೂರಿಗೆ ಅಂದ್ರೆ ತಮಿಳುನಾಡಿಗೆ ಒಂದು ಕೆಜಿ ಟ್ಯಾಕ್ಸ್ ಇರೋ ಸರಕು ಬಿಲ್ ಹಾಕಿ ಕಳಿಸಿದ್ರೂ ನಂಬರ್ ಕಡ್ಡಾಯ, ವ್ಯಾಪಾರ ಎಷ್ಟೇ ಇರ್ಲಿ. ಸಣ್ಣ ವ್ಯಾಪಾರಿಗಳಿಗೆ ಅಂತ ಇರೋ ಕಾಂಪೊಸಿಷನ್ ಸ್ಕೀಮಲ್ಲಿ ಹೋದ್ರೆ 1% ಅಷ್ಟೇ ಕಟ್ಟಿ ಆರಾಮಾಗಿರಬಹುದು, ಆದ್ರೆ ಅದ್ರಲ್ಲಿ ಹೊರರಾಜ್ಯಕ್ಕೆ ಮಾರೋ ಹಾಗಿಲ್ಲ. ನಂಗೆ ಹೊಸೂರು ಗಿರಾಕಿಗಳು ಬೇಕೇ ಬೇಕಿತ್ತು, ಫ್ಯಾಕ್ಟರಿ ಕೆಲಸಕ್ಕೆ ಹೋಗಿರೋ ನಮ್ಮೂರ ಹುಡುಗ್ರು ಅಲ್ಲಿ ಒಂದು ದಂಡೇ ಇದ್ದಾರೆ. ಸರಿ, ರೆಗ್ಯುಲರ್ ಜಿಎಸ್‌ಟಿಗೇ ಅರ್ಜಿ ಹಾಕಿದ್ವಿ. ಜಾಗಕ್ಕೆ ದಾಖಲೆ ಏನ್ ಕೊಡ್ತೀರಾ ಅಂದ್ರು ಆಡಿಟರ್, ಪಂಚಾಯ್ತಿ ಕಂದಾಯ ರಸೀದಿ ಮತ್ತೆ ಅಪ್ಪನ ಒಪ್ಪಿಗೆ ಪತ್ರ ಕೊಟ್ಟೆ. ಅವರು ಕನ್ನಡಕ ಕೆಳಗೆ ಮಾಡಿ, ರಸೀದಿ ನಿಮ್ಮ ತಂದೆ ಹೆಸರಲ್ಲಿಲ್ವಲ್ಲ ಅಂದ್ರು. ನಡಿಯುತ್ತೆ ಹಾಕಿ ಸಾರ್ ಅಂದೆ ನಾನು, ಹತ್ತು ವರ್ಷ ಬಿಲ್ಲಿಂಗ್ ಮಾಡಿದೋನಲ್ವಾ.

ನಡೀಲಿಲ್ಲ. ಆಗಸ್ಟ್ ಮೊದಲ ವಾರ ಕ್ವೆರಿ ಬಂತು, ಆರ್‌ಇಜಿ-03 ಅಂತಾರೆ, ಜಾಗದ ಮಾಲೀಕರಿಗೂ ಒಪ್ಪಿಗೆ ಕೊಟ್ಟೋರಿಗೂ ಹೊಂದಾಣಿಕೆ ಇಲ್ಲ, ವಿವರಣೆ ಕೊಡಿ ಅಂತ. ಉತ್ತರ ಕೊಡೋಕೆ 7 ಕೆಲಸದ ದಿನ. ಕೊಡದೇ ಇದ್ರೆ ಅರ್ಜಿ ರಿಜೆಕ್ಟ್ ಆಗಿ ಮತ್ತೆ ಮೊದಲಿಂದ. ಆಡಿಟರ್ ಹೇಳಿದ್ದು ಇಷ್ಟು: ತಾತನ ಡೆತ್ ಸರ್ಟಿಫಿಕೇಟು, ನಾಡಕಚೇರಿಯಿಂದ ವಂಶವೃಕ್ಷ, ಮತ್ತೆ ವಂಶವೃಕ್ಷದಲ್ಲಿ ಇರೋ ವಾರಸುದಾರರೆಲ್ಲರ ಒಪ್ಪಿಗೆ, ಬಾಂಡ್ ಪೇಪರ್ ಮೇಲೆ, ನೋಟರಿ ಆಗಿರ್ಬೇಕು. ಎಲ್ಲರದ್ದೂನಾ ಸಾರ್? ಎಲ್ಲರದ್ದೂ.

ವಂಶವೃಕ್ಷ ಪುಣ್ಯಕ್ಕೆ ಮೊದಲೇ ಇತ್ತು, ಯಾವತ್ತೋ ಬೆಳೆ ಸಾಲಕ್ಕೆ ಅಂತ ಅಪ್ಪ ಮಾಡಿಸಿಟ್ಟಿದ್ರು. ಡೆತ್ ಸರ್ಟಿಫಿಕೇಟಲ್ಲಿ ತಾತನ ಹೆಸರಿನ ಕೊನೇಲಿ ಗೌಡ ಅಂತ ಇತ್ತು, ಕಂದಾಯ ರಸೀದೀಲಿ ಇರಲಿಲ್ಲ, ಇಬ್ಬರೂ ಒಬ್ಬರೇ ಅಂತ ಅದಕ್ಕೊಂದು ಅಫಿಡವಿಟ್ಟು. ವಾರಸುದಾರರು ನಾಲ್ಕು ಜನ: ನಮ್ಮಪ್ಪ, ದೊಡ್ಡಪ್ಪ, ಪಾಂಡವಪುರದ ದೊಡ್ಡತ್ತೆ, ಮದ್ದೂರಿನ ಚಿಕ್ಕತ್ತೆ. ಅತ್ತೆಯಂದಿರದ್ದು ಕಷ್ಟ ಆಗ್ಲಿಲ್ಲ. ಚಿಕ್ಕತ್ತೆ ಓದದೇ ಸೈನ್ ಹಾಕೋಕೆ ಹೋದ್ರು, ನಾನೇ ಓದಿ ಹೇಳ್ದೆ, ಗೌರಿ ಹಬ್ಬಕ್ಕೆ ಎರಡು ಕೆಜಿ ಕಳಿಸು ಮಗ ಅಂದ್ರು. ಉಳಿದಿದ್ದು ದೊಡ್ಡಪ್ಪ.

ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ನಿಂತು ಆಗ್ಲೇ ಆರು ವರ್ಷ. ಬದು ಮೇಲಿರೋ ಒಂದು ತೆಂಗಿನ ಮರ ಯಾರ ಕಡೆದು ಅನ್ನೋದ್ರಲ್ಲಿ ಶುರುವಾಗಿದ್ದು, ಆ ಮರಕ್ಕೆ ನುಸಿ ಬಿದ್ದು ಕಾಯಿ ಬಿಡೋದೇ ನಿಂತು ಹೋಯ್ತು, ಇವರ ಜಗಳ ನಿಲ್ಲಲಿಲ್ಲ. ಅಪ್ಪ ಮುಖಕ್ಕೆ ಹೊಡೆದಂಗೆ ಹೇಳಿದ್ರು, ನಾನ್ ಮಾತ್ರ ಹೋಗಿ ಕೇಳಲ್ಲ, ಬೇಕಾದ್ರೆ ನೀನ್ ಕೇಳ್ಕೋ.

ಐದನೇ ದಿನ ಸಂಜೆ ಹೋದೆ. ದೊಡ್ಡಪ್ಪ ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಹಚ್ತಾ ಇದ್ರು. ದೊಡ್ಡಮ್ಮ ಕಾಫಿ ಕೊಟ್ಟು ಒಳಗೋದ್ರು, ಆದ್ರೆ ಟಿವಿ ಸೌಂಡ್ ಕಮ್ಮಿ ಆಯ್ತು, ಅಂದ್ರೆ ಕೇಳಿಸ್ಕೊಳ್ತಿದ್ದಾರೆ ಅಂತ ಅರ್ಥ. ನಾನು ಪೇಪರ್ ಕೊಟ್ಟೆ. ಸೊಂಟದಿಂದ ಕನ್ನಡಕ ತೆಗೆದು ಬೆರಳಿಟ್ಕೊಂಡು ಒಂದೊಂದೇ ಸಾಲು ಓದಿದ್ರು.

"ಇದೇನ್ಲಾ, ಈ ಜಾಗದ ಬಗ್ಗೆ ನಮ್ಮಲ್ಲಿ ಯಾವುದೇ ತಕರಾರು ಇರುವುದಿಲ್ಲ ಅಂತ ಬರೆಸಿದ್ದೀಯ? ತಕರಾರು ಐತಲ್ಲಾ."

"ದೊಡ್ಡಪ್ಪ, ಜಾಗ ಬರೆಸ್ಕೊಳ್ಳೋದಲ್ಲ ಇದು, ಬರೀ ಒಪ್ಪಿಗೆ ಪತ್ರ."

"ಒಪ್ಪಿಗೆ ಪತ್ರನೇ ಕಣ್ಲಾ ಮಗ ಮೊದ್ಲು ಬರೋದು. ಆಮ್ಯಾಕೆ ಬರೋದು ಕೋರ್ಟ್ ನೋಟೀಸು."

ನಂಗೆ ಮಾತೇ ಹೊರಡಲಿಲ್ಲ. ಅವರು ಎಲೆ ಮಡಿಸಿ ಬಾಯಿಗೆ ಹಾಕ್ಕೊಂಡು ನಿಧಾನಕ್ಕೆ ಅಗಿದು ಆಮೇಲೆ ಹೇಳಿದ್ರು, "ಬಿಟ್ಟಿ ಕೂತ್ಕೊಂಡ್ರೆ ಹನ್ನೆರಡು ವರ್ಸ ಆದ್ಮೇಲೆ ನಂದೇ ಜಾಗ ಅಂತೀಯ, ನೀನ್ ಅನ್ನಲ್ಲ ಬುಡು, ನಿನ್ನ ಮಕ್ಕಳು ಅಂತಾವೆ. ಬಾಡಿಗೆ ಕರಾರು ಮಾಡ್ಕೊಂಡ್ ಬಾ. ನಾವು ನಾಲ್ಕೂ ಜನ ಮಾಲೀಕ್ರು, ನೀನು ಬಾಡಿಗೆದಾರ. ನಾಲ್ಕೂ ಜನಕ್ಕೂ ತಿಂಗಳು ತಿಂಗಳು ದುಡ್ ಹಾಕು. ನಿಮ್ಮಪ್ಪಂಗೂ ಹಾಕು, ಲೆಕ್ಕ ಅಂದ್ರೆ ಲೆಕ್ಕ."

ಒಳಗಿಂದ ದೊಡ್ಡಮ್ಮ, ಅಯ್ಯೋ ಮಗು ಹತ್ರ ಬಾಡಿಗೆ ಕೇಳ್ತಾರಾ ಅಂದ್ರು. ನೀನ್ ಸುಮ್ಕಿರು ಅಂದ್ರು ದೊಡ್ಡಪ್ಪ.

ನಿಜ ಹೇಳ್ತೀನಿ, ಆವತ್ತು ಬೈಕಲ್ಲಿ ವಾಪಸ್ ಬರೋವಾಗ ಉರೀತಾ ಇತ್ತು ನಂಗೆ. ಮಾರನೇ ದಿನ ಆಡಿಟರ್‌ಗೆ ಹೇಳಿದ್ರೆ ಅವರು ನಕ್ಕುಬಿಟ್ರು, ನಿಮ್ಮ ದೊಡ್ಡಪ್ಪ ನನಗಿಂತ ಚೆನ್ನಾಗಿ ಸಲಹೆ ಕೊಟ್ಟಿದ್ದಾರೆ ರೀ ಅಂತ. ಬಾಡಿಗೆ ಕರಾರು ಇದ್ರೆ ಜಿಎಸ್‌ಟಿಗೂ ಸಾಕು, ಬ್ಯಾಂಕಿಗೂ ಸಾಕು, ಫುಡ್ ರಿಜಿಸ್ಟ್ರೇಷನ್‌ಗೂ ಸಾಕು, ಕರೆಂಟ್ ಮೀಟರಿಗೂ ಸಾಕು, ಮೇಲಾಗಿ ಕೊಟ್ಟ ಬಾಡಿಗೆನ ಖರ್ಚು ಅಂತ ತೋರಿಸಬಹುದು. 11 ತಿಂಗಳಿಗೆ ಮಾಡಿಸಿದ್ವಿ, ಒಂದು ವರ್ಷ ಮೀರಿದ ಕರಾರನ್ನ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಮಾಡಿಸ್ಬೇಕು, ಎಲ್ಲರೂ 11 ತಿಂಗಳು ಅಂತ ಬರೆಸೋದು ಅದಕ್ಕೇ. ಬಾಡಿಗೆ 1,500, ತಲಾ 375. ಏಳನೇ ದಿನ ಮಧ್ಯಾಹ್ನ ಅಪ್ಲೋಡ್ ಆಯ್ತು, ಸ್ವಲ್ಪ ದಿನಕ್ಕೆ ನಂಬರ್ ಬಂತು.

ಅದಕ್ಕೇ ಈಗ ಯಾರಾದ್ರೂ, ಅಣ್ಣ ಒಂದು ಸಣ್ಣ ಬಿಸಿನೆಸ್ ಮಾಡ್ಬೇಕು, ಯಾವ ಲೈಸೆನ್ಸ್ ಫಸ್ಟು ಅಂತ ಕೇಳಿದ್ರೆ ಲೈಸೆನ್ಸ್ ಆಮೇಲೆ, ಕೂರೋ ಜಾಗ ಯಾರ ಹೆಸರಲ್ಲಿದೆ ಹೇಳು ಅಂತೀನಿ. ನಮ್ಮ ಮಂಡ್ಯ ಕಡೆ ಅರ್ಧ ಮನೆಗಳ ಖಾತೆ ಇನ್ನೂ ತೀರ್ಕೊಂಡೋರ ಹೆಸರಲ್ಲೇ ಇರ್ತವೆ, ಮನೇಲಿ ಕೂತಿರೋವರೆಗೂ ಗೊತ್ತಾಗಲ್ಲ. ಪಿಎಂಎಫ್‌ಎಂಇ ಸ್ಕೀಮಿಗೂ ಹೋಗಿದ್ದೆ, ಕಿರು ಆಹಾರ ಉದ್ಯಮಕ್ಕೆ ಕೊಡೋದು, ಮಂಡ್ಯ ಜಿಲ್ಲೆಗೆ ಅದ್ರಲ್ಲಿ ಬೆಲ್ಲನೇ ಆಯ್ಕೆಯಾಗಿರೋ ಉತ್ಪನ್ನ. ಆಗ ಕೇಂದ್ರದ್ದು 35%, ನಮ್ಮ ರಾಜ್ಯದ್ದು ಮೇಲೆ 15%, ಒಟ್ಟು ಅರ್ಧ ಸಬ್ಸಿಡಿ, 15 ಲಕ್ಷದವರೆಗೂ. ಕೇಳೋಕೆ ಚೆನ್ನಾಗಿದೆ, ನಿಜವಾಗ್ಲೂ ಒಳ್ಳೇ ಸ್ಕೀಮೇ, ಆದ್ರೆ ಅದು ಸಾಲದ ಜೊತೆ ಬರೋದು, ಸಬ್ಸಿಡಿ ಕೈಗೆ ಸಿಗಲ್ಲ, ಮೂರು ವರ್ಷ ಬ್ಯಾಂಕಲ್ಲೇ ಕೂತಿರುತ್ತೆ. ಮ್ಯಾನೇಜರ್ ಕೇಳಿದ ಮೊದಲನೇ ಪ್ರಶ್ನೆ, ಜಾಗ ಯಾರ ಹೆಸರಲ್ಲಿದೆ? ಎದ್ದು ಬಂದೆ.

ಕರೆಂಟ್ ವಿಚಾರ ಬೇಗ ಹೇಳ್ಬಿಡ್ತೀನಿ. ಮನೆ ಮೀಟರಿಂದ ವೈರ್ ಎಳೆದು ಮಿಷನ್ ಓಡಿಸೋಣ ಅಂತ ಪ್ಲಾನ್ ಇತ್ತು, ಪರಿಚಯದ ಲೈನ್‌ಮನ್ನೇ ಬೇಡ ಅಂದ, ಸಿಕ್ಕಿಬಿದ್ರೆ ಬ್ಯಾಕ್ ಬಿಲ್ ಹಾಕ್ತಾರೆ ಅಂತ. ಬೇರೆ ಮೀಟರ್ ತಗೊಂಡೆ. ಅಷ್ಟೇ.

ಬೆಲ್ಲದ ವಿಚಾರ ಮಾತ್ರ ಬೇಗ ಮುಗಿಸೋಕಾಗಲ್ಲ. ಮೊದಲನೇ ಲೋಡ್ ಒಂದು ಆಲೆಮನೆಯಿಂದ ತಂದಿದ್ದೆ, ಬಂಗಾರದ ಬಣ್ಣ, ನೋಡಿದ್ರೆ ಕಣ್ಣಿಗೆ ಹಬ್ಬ. ಕೆಮಿಕಲ್ ಹಾಕಿಲ್ಲ ಕಣಣ್ಣ ಏನೂ ಅಂತ ಆಲೆಮನೆಯವನು ತಲೆ ಮೇಲೆ ಕೈ ಇಟ್ಟು ಹೇಳಿದ್ದ. ಆಡಿಟರ್ ಮಾತು ಕೇಳಿ ಒಂದು ಸ್ಯಾಂಪಲ್ ಲ್ಯಾಬಿಗೆ ಕಳಿಸಿದೆ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ ದಾಟಬಾರದು, ಇದ್ರಲ್ಲಿ ದಾಟಿತ್ತು. ಕೊಪ್ಪರಿಗೇಲಿ ಪಾಕ ಕುದಿಯೋವಾಗ ಹೈಡ್ರೋಸ್ ಅನ್ನೋ ಕೆಮಿಕಲ್ ಹಾಕಿದ್ರೆ ಬಣ್ಣ ತಿಳಿಯಾಗುತ್ತೆ, ಆ ಬಂಗಾರ ಬಂದಿದ್ದು ಅಲ್ಲಿಂದ. ಆಲೆಮನೆಯವನು ಹಾಕಿದ್ದಕ್ಕೆ ನಾನೇನ್ ಮಾಡ್ಲಿ ಅನ್ನೋ ಹಾಗಿಲ್ಲ, ಕವರ್ ಮೇಲೆ ಇರೋದು ನನ್ನ ಹೆಸರು, ಫುಡ್ ಇನ್‌ಸ್ಪೆಕ್ಟರ್ ಬಂದ್ರೆ ಮೊದಲು ಹಿಡಿಯೋದು ನನ್ನನ್ನೇ. ಆ ಲೋಡು ವಾಪಸ್ ಕಳಿಸಿದೆ, ದುಡ್ಡು ಅರ್ಧ ಬಂತು. ಆಮೇಲೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಕಡೆ ಹೋಗಿ ಒಂದೆರಡು ದಿನ ಬೆಲ್ಲ ಮಾಡೋದು ನೋಡಿದೆ, ಬೆಂಡೆ ಗಿಡದ ಲೋಳೆ ಹಾಕಿ ಕಲ್ಮಶ ತೆಗೆಯೋ ಹಳೇ ಪದ್ಧತೀಲಿ ಮಾಡೋ ಇಬ್ಬರನ್ನ ಹುಡುಕ್ಕೊಂಡೆ. ಆ ಬೆಲ್ಲ ಕಂದು ಬಣ್ಣ, ಮೊದಮೊದಲು ಗಿರಾಕಿಗಳು ಇದೇನ್ ಕಪ್ಪಗಿದೆ ಅಂತಿದ್ರು, ಈಗ ಅದನ್ನೇ ಕೇಳಿ ತಗೋತಾರೆ. ಮಳೆಗಾಲದಲ್ಲಿ ಮಾತ್ರ ಜೀವ ತಿನ್ನುತ್ತೆ, ಗಾಳಿಯಿಂದ ತೇವ ಎಳ್ಕೊಂಡು ಪುಡಿ ಎಲ್ಲಾ ಉಂಡೆ ಕಟ್ಟುತ್ತೆ, ಜುಲೈ ಆಗಸ್ಟಲ್ಲಿ ಗೋಡೌನ್ ಬಾಗ್ಲು ತೆಗೆಯೋದೂ ಲೆಕ್ಕ ಹಾಕಿ.

ಗೌರಿ ಹಬ್ಬಕ್ಕೆ ಮಾರ್ಕೆಟ್‌ಗೆ ಬಿಡ್ಬೇಕು ಅಂತಿದ್ದಿದ್ದು ಆಯುಧಪೂಜೆ ಹೊತ್ತಿಗೆ ಹೋಯ್ತು. ಮೊದಲ ತಿಂಗಳು ಇದ್ದ ಸ್ಟಾಕ್ ಖಾಲಿ ಆಯ್ತು, ಆಮೇಲೆ ಮೂರು ತಿಂಗಳು ಒಳ್ಳೇ ಬೆಲ್ಲ ಸಿಗದೇ ವ್ಯಾಪಾರ ಸೊನ್ನೆ. ವ್ಯಾಪಾರನೇ ಇಲ್ಲ ಅಂದ್ಮೇಲೆ ಜಿಎಸ್‌ಟಿ ರಿಟರ್ನ್ ಯಾಕೆ ಅಂತ ಸುಮ್ನಿದ್ದೆ. ಸೊನ್ನೆ ಇದ್ರೂ ಸೊನ್ನೆ ಅಂತ ಹೇಳ್ಬೇಕು, ಇಲ್ಲಾಂದ್ರೆ ದಿನಕ್ಕೆ 20 ರೂಪಾಯಿ ಲೇಟ್ ಫೀ, ಅದೂ ಒಂದೊಂದು ರಿಟರ್ನಿಗೂ ಬೇರೆ ಬೇರೆ. ಹತ್ತು ವರ್ಷ ಬಿಲ್ಲಿಂಗ್ ಮಾಡಿದೋನು ನಾನು, ಮತ್ತೆ ಹೇಳೋದೇನಿದೆ. ಆದ್ರೆ ಅಲ್ಲಿಂದಾಚೆ ಈ ಸುಡುಗಾಡು ರಿಟರ್ನು ನೆಟ್ಟಗೆ ಹಾಕ್ಕೊಂಡು ಬಂದಿದ್ದಕ್ಕೇ 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರಿಗೆಲ್ಲಾ ತೆರಿಗೆ ನೋಟಿಸ್ ಹೋದಾಗ, ಎಷ್ಟೋ ಜನ ಕ್ಯೂಆರ್ ಕಿತ್ತು ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದಾಗ, ನಾನು ನಿದ್ದೆ ಮಾಡ್ದೆ.

ಖಾತೆ ಇನ್ನೂ ತಾತನ ಹೆಸರಲ್ಲೇ ಇದೆ. ಅದನ್ನ ಬದಲಾಯಿಸ್ಬೇಕು ಅಂದ್ರೆ ನಾಲ್ಕೂ ಜನ ಒಂದು ಕಡೆ ಕೂತು ಭಾಗದ ಮಾತು ಆಡ್ಬೇಕು, ಅದಕ್ಕೆ ಇನ್ನೂ ಟೈಮ್ ಬೇಕು. ಹನ್ನೊಂದು ತಿಂಗಳಿಗೊಂದ್ಸಲ ಕರಾರು ರಿನ್ಯೂ ಮಾಡಿಸ್ತೀವಿ, ಇದುವರೆಗೂ ಮೂರು ಸಲ ಆಯ್ತು. ಹೋದ ಸಲ ನೋಟರಿ ಹತ್ರ ಬೆಂಚು ಒಂದೇ ಇತ್ತು, ಅಪ್ಪ ಈ ತುದಿ, ದೊಡ್ಡಪ್ಪ ಆ ತುದಿ, ಮಧ್ಯದಲ್ಲಿ ಚಿಕ್ಕತ್ತೆ ಚೀಲ. ದೊಡ್ಡಪ್ಪ ಪೇಪರ್ ಪೂರ್ತಿ ಬೆರಳಿಟ್ಟು ಓದಿ ಮುಗಿಸಿ, ಕನ್ನಡಕ ಒರೆಸ್ಕೊಳ್ತಾ ಗೋಡೆ ನೋಡ್ಕೊಂಡೇ ಕೇಳಿದ್ರು,

"ತಿಂಗಳು ತಿಂಗಳು ಬತ್ತಾ ಐತಾ 375?"

ಅಪ್ಪನೂ ಗೋಡೆನೇ ನೋಡ್ಕೊಂಡು, "ಬತ್ತಾ ಐತೆ" ಅಂದ್ರು.